ಜಾಲದಾಚೆಯ ಮನೆ ಮತ್ತು ಮಿತವಿದ್ಯುತ್ ಗಣಕಯಂತ್ರ: ಒಂದು ಚಾರಿತ್ರಿಕ ಪರಿಶೀಲನೆ

ಗಣಕಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಂತ್ರವು ಕ್ಷಣವೊಂದಕ್ಕೆ ಎಷ್ಟು ಲೆಕ್ಕ ಮಾಡಿತೆಂಬುದನ್ನು ಅವರು ತಪ್ಪದೆ ನಮೂದಿಸುತ್ತಾರೆ. ಆ ಲೆಕ್ಕಕ್ಕೆ ವ್ಯಯವಾದ ವಿದ್ಯುಚ್ಛಕ್ತಿಯನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ವಿದ್ಯುತ್ ತಂತಿ ಮನೆಬಾಗಿಲಿಗೆ ಬಂದಿರುವೆಡೆ ಈ ಉಪೇಕ್ಷೆ ಅಷ್ಟೇನೂ ಬಾಧಕವಲ್ಲ. ತಂತಿ ಬಾರದ, ಸೌರಫಲಕ ಮತ್ತು ಬ್ಯಾಟರಿಯನ್ನೇ ನಂಬಿದ ಮನೆಯಲ್ಲಾದರೋ ಮೊದಲು ಏಳುವ ಪ್ರಶ್ನೆ ವೇಗದ್ದಲ್ಲ, ವ್ಯಯದ್ದು. ಇಂಥ ಮನೆಗೆ ಒಗ್ಗುವ ಯಂತ್ರ ಹೇಗೆ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂಬುದನ್ನು ನಾವು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಗೃಹಕೃತ್ಯದ ಲೆಕ್ಕವನ್ನು ನೋಡೋಣ. ಮಲೆನಾಡಿನ ಒಂಟಿಮನೆಯೊಂದರ ಮಾಡಿನ ಮೇಲೆ 40 ವಾಟಿನ ಫಲಕವಿದೆಯೆಂದು ಭಾವಿಸೋಣ. ಬೇಸಗೆಯ ದಿನವೊಂದರಲ್ಲಿ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆತರೆ 200 ವಾಟ್-ಗಂಟೆ. ಬ್ಯಾಟರಿ ಮತ್ತು ತಂತಿಗಳ ನಷ್ಟಕ್ಕೆ ಕಾಲುಭಾಗ ಕಳೆದರೆ 150. ತಲಾ 7 ವಾಟಿನ ನಾಲ್ಕು ಪ್ರತಿದೀಪ್ತಿ ದೀಪಗಳು ರಾತ್ರಿ ನಾಲ್ಕು ಗಂಟೆ ಉರಿದರೆ 112 ವಾಟ್-ಗಂಟೆ ಅವುಗಳಿಗೇ ಸಲ್ಲುತ್ತದೆ. ಉಳಿದ 38ರಲ್ಲಿ 100 ವಾಟಿನ ಮೇಜಿನ ಗಣಕಯಂತ್ರ ಇಪ್ಪತ್ತಮೂರು ನಿಮಿಷವೂ ನಡೆಯದು. ಅದಕ್ಕಿಂತ ಹೆಚ್ಚು ನಡೆಸಬೇಕೆಂದರೆ ಅಡುಗೆಮನೆಯ ದೀಪ ಆರಬೇಕು. ಶ್ರಾವಣದ ಮಳೆಯಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ.

ಸೂರ್ಯರಶ್ಮಿಯಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು 1954ರಲ್ಲಿ ಪ್ರದರ್ಶಿಸಿದರು. ಅದರ ದಕ್ಷತೆ ಶೇಕಡ 6ರಷ್ಟು. ಅದಕ್ಕೆ ಎಂಟು ವರ್ಷ ಹಿಂದೆ, 1946ರಲ್ಲಿ, ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರ ಸುಮಾರು 18,000 ನಿರ್ವಾತ ಕವಾಟಗಳನ್ನು ಉರಿಸಿ ಸುಮಾರು 150 ಕಿಲೋವಾಟ್ ನುಂಗುತ್ತಿತ್ತು. ಈ ಎರಡು ವಸ್ತುಗಳು ಒಂದೇ ಮನೆಯಲ್ಲಿ ಸಂಧಿಸಬಹುದೆಂದು ಆಗ ಯಾರೂ ಎಣಿಸಿರಲಾರರು.

ಸಂಧಿಗೆ ಮೂಲವಾದುದು 1963ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯಲ್ಲಿ ಫ್ರಾಂಕ್ ವಾನ್ಲಾಸ್ ರೂಪಿಸಿದ ಸಿಮಾಸ್ ಮಂಡಲ. ಪರಸ್ಪರ ವಿರುದ್ಧ ಸ್ವಭಾವದ ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿಮಾಡಿ, ಒಂದು ತೆರೆದಾಗ ಇನ್ನೊಂದು ಮುಚ್ಚಿರುವಂತೆ ಏರ್ಪಡಿಸುವುದೇ ಇದರ ಮರ್ಮ. ಸ್ಥಿತಿ ಬದಲಾಗದಿರುವಷ್ಟು ಕಾಲ ಇದರಲ್ಲಿ ಪ್ರವಾಹ ಹರಿಯುವುದಿಲ್ಲವೆಂದೇ ಹೇಳಬಹುದು. ಬದಲಾವಣೆಯ ವೇಳೆ ಆಗುವ ವ್ಯಯವು ವೋಲ್ಟೇಜಿನ ವರ್ಗಕ್ಕೂ ಬದಲಾವಣೆಯ ಆವೃತ್ತಿಗೂ ಅನುಗುಣವಾಗಿರುವುದರಿಂದ, ವೋಲ್ಟೇಜನ್ನು ಅರ್ಧಮಾಡಿದರೆ ವ್ಯಯ ಕಾಲುಭಾಗಕ್ಕೆ ಇಳಿಯುತ್ತದೆ. ಆದರೂ ಮೊದಮೊದಲು ಇದು ನಿಧಾನವೆಂದು ದೊಡ್ಡ ಯಂತ್ರಗಳ ನಿರ್ಮಾಪಕರು ಕಡೆಗಣಿಸಿದರು. ಆದರಿಸಿದವರು ಕೈಗಡಿಯಾರ, ಗಣಿತಯಂತ್ರಗಳ ನಿರ್ಮಾಪಕರು. ಜಪಾನಿನ ಶಾರ್ಪ್ ಸಂಸ್ಥೆಯ 1973ರ ಗಣಿತಯಂತ್ರ ಒಂದೇ ಬ್ಯಾಟರಿಯಿಂದ 100 ಗಂಟೆ ನಡೆಯಿತು. 1976ರಲ್ಲಿ ಅದೇ ಸಂಸ್ಥೆ ಸೌರಕೋಶದ ಗಣಿತಯಂತ್ರವನ್ನೇ ಹೊರತಂದಿತು. 1983ರಲ್ಲಿ ಬಂದ ಟಿಆರ್‌ಎಸ್-80 ಮಾದರಿ 100 ಎಂಬ ತೊಡೆಯ ಮೇಲಿನ ಯಂತ್ರಕ್ಕೆ ನಾಲ್ಕು ಸಣ್ಣ ಬ್ಯಾಟರಿಗಳು ಇಪ್ಪತ್ತು ಗಂಟೆಯ ಹತ್ತಿರಹತ್ತಿರಕ್ಕೆ ಸಾಕಾಗುತ್ತಿದ್ದುವು. ಅದನ್ನು ಮೆಚ್ಚಿ ಬಳಸಿದವರು ಊರೂರು ತಿರುಗುವ ಪತ್ರಕರ್ತರು.

ಇನ್ನು ಈ ಚರಿತ್ರೆಯ ಅತ್ಯಂತ ಸೋಜಿಗದ ಘಟ್ಟ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಸಂಸ್ಥೆ 1983ರಲ್ಲಿ ತನ್ನದೇ ಆದ ಪ್ರೊಸೆಸರನ್ನು ರಚಿಸಲು ತೊಡಗಿತು. ಆದೇಶಗಳ ವ್ಯವಸ್ಥೆಯನ್ನು ಸೋಫಿ ವಿಲ್ಸನ್ ರೂಪಿಸಿದರು, ಅಂಗರಚನೆಯನ್ನು ಸ್ಟೀವ್ ಫರ್ಬರ್ ನಿರ್ವಹಿಸಿದರು. ಬಡತನದ ಕೆಲಸವದು. ಪಿಂಗಾಣಿಯ ಕವಚ ದುಬಾರಿಯಾದುದರಿಂದ ಪ್ಲಾಸ್ಟಿಕ್ ಕವಚವೇ ಗತಿ. ಪ್ಲಾಸ್ಟಿಕ್ಕಾದರೋ ಸುಮಾರು ಒಂದು ವಾಟಿಗಿಂತ ಹೆಚ್ಚಿನ ಶಾಖವನ್ನು ತಾಳದು. ವ್ಯಯವನ್ನು ಮುಂಚಿತವಾಗಿ ಖಚಿತವಾಗಿ ಲೆಕ್ಕಹಾಕುವ ಸಾಧನ ಅವರಲ್ಲಿರಲಿಲ್ಲ. ಆದುದರಿಂದ ಹೆಜ್ಜೆಹೆಜ್ಜೆಗೂ ಅತಿ ಜಾಗರೂಕತೆ ವಹಿಸಿದರು. ಫಲವಾಗಿ ವ್ಯಯವು ಒಂದು ವಾಟಿನ ಹತ್ತನೆಯ ಒಂದು ಭಾಗದಷ್ಟಕ್ಕೆ ಇಳಿದುಹೋಯಿತು. 1985ರ ಏಪ್ರಿಲ್ 26ರಂದು ಮೊದಲ ಆರ್ಮ್ ಚಿಪ್ಪು ಕೈಸೇರಿ ಕೆಲಸಮಾಡತೊಡಗಿತು. ಆ ದಿನಗಳಲ್ಲಿ ಪ್ರವಾಹವನ್ನು ಅಳೆಯಲೆಂದು ಅಮ್ಮೀಟರನ್ನು ಜೋಡಿಸಿದಾಗ ಅದರ ಮುಳ್ಳು ಸೊನ್ನೆಯಲ್ಲಿತ್ತು! ಫಲಕದ ದೋಷದಿಂದ ಚಿಪ್ಪಿಗೆ ವಿದ್ಯುತ್ ಸಂಪರ್ಕವೇ ಒದಗಿರಲಿಲ್ಲ. ಸುತ್ತಲಿನ ಮಂಡಲಗಳಿಂದ ಅದರ ಕಾಲುಗಳ ಮೂಲಕ ಸೋರಿಬಂದ ಪ್ರವಾಹದಿಂದಲೇ ಅದು ನಡೆಯುತ್ತಿತ್ತು. ಇಂಥ ಕಥೆಗಳನ್ನು ನಾವು ಸಾಮಾನ್ಯವಾಗಿ ಶಂಕೆಯಿಂದಲೇ ನೋಡುವೆವು. ಇದನ್ನು ಹೇಳಿದವರು ಸ್ವತಃ ಫರ್ಬರ್ ಆದುದರಿಂದ ನಂಬಲು ಅಡ್ಡಿಯಿಲ್ಲ. ಅದೇ ವರ್ಷ ಪ್ರಕಟವಾದ ಇಂಟೆಲ್ 80386ರಲ್ಲಿ 2,75,000 ಟ್ರಾನ್ಸಿಸ್ಟರುಗಳಿದ್ದರೆ ಇದರಲ್ಲಿ ಇದ್ದುದು ಸುಮಾರು 25,000 ಮಾತ್ರ.

ಹಾಗಾದರೆ ಮಿತವ್ಯಯವು ಜಾಲದಾಚೆಯ ಬಡವನ ಹಿತಚಿಂತನೆಯಿಂದ ಹುಟ್ಟಿತೆಂದು ಹೇಳಲು ಬರುವುದಿಲ್ಲ. ಅಗ್ಗದ ಕವಚದ ಆಸೆ, ಕೈಗಡಿಯಾರದ ಪುಟ್ಟ ಬ್ಯಾಟರಿ, ಮುಂದೆ ಜೇಬಿನ ದೂರವಾಣಿ, ಇವೇ ಅದರ ಜನ್ಮಕಾರಣಗಳು. ಹಳ್ಳಿಯನ್ನೇ ಗುರಿಯಾಗಿಟ್ಟ ಯತ್ನವೊಂದು ನಮ್ಮಲ್ಲೇ ನಡೆಯಿತೆಂಬುದನ್ನು ಮಾತ್ರ ಮರೆಯಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ ರಚಿಸಿ, 2001ರಲ್ಲಿ ಪ್ರಕಟಿಸಿದ ಸಿಂಪ್ಯೂಟರ್ ಅಂಗೈ ಅಗಲದ್ದು. ಓದುಬರಹ ಬಾರದವರಿಗೆ ದೇಶಭಾಷೆಗಳಲ್ಲಿ ಓದಿಹೇಳಬೇಕೆಂಬ ಉದ್ದೇಶದ್ದು. ಅದರ ಹೃದಯ ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಅದರ ಸೋಲಿಗೆ ವಿದ್ಯುತ್ತು ಕಾರಣವಲ್ಲವೆಂಬುದು ನಮ್ಮ ಮತ. ಅಷ್ಟರಲ್ಲಿ ಜೇಬಿನ ದೂರವಾಣಿ ಅದರ ಜಾಗವನ್ನು ಆಕ್ರಮಿಸತೊಡಗಿತ್ತು.

ಅದೇ ವಂಶದ ಪ್ರೊಸೆಸರಿನಿಂದ 2012ರಲ್ಲಿ ಕೇಂಬ್ರಿಜ್‌ನಲ್ಲೇ ಹೊರಬಂದ ರಾಸ್ಪ್‌ಬೆರಿ ಪೈ ಶಾಲಾಬಾಲಕರಿಗಾಗಿ ರಚಿತವಾದುದು. ಅದರ ನಿಗದಿತ ವ್ಯಯ 3.5 ವಾಟ್. ನಮ್ಮ ಮಲೆನಾಡಿನ ಮನೆಯ 38 ವಾಟ್-ಗಂಟೆಗಳಲ್ಲಿ ಅದೊಂದೇ ಆದರೆ ಹತ್ತು ಗಂಟೆ ಮೀರಿ ನಡೆದೀತು. 15 ವಾಟಿನ ಪರದೆಯನ್ನು ಸೇರಿಸಿದರೆ ಕೇವಲ ಎರಡು ಗಂಟೆ. ಇಲ್ಲಿ ನೆರವಿಗೆ ಬಂದುದು ಯಂತ್ರವಲ್ಲ, ದೀಪ. 7 ವಾಟಿನ ದೀಪಗಳ ಸ್ಥಾನಕ್ಕೆ 3 ವಾಟಿನ ಎಲ್‌ಇಡಿ ಬಂದಾಗ ಬೆಳಕಿನ ಖರ್ಚು 112ರಿಂದ 48ಕ್ಕೆ ಇಳಿದು, ಯಂತ್ರದ ಪಾಲು 102 ವಾಟ್-ಗಂಟೆಗೆ ಏರಿತು. ಪರದೆಯೊಡನೆ ಐದೂವರೆ ಗಂಟೆಯ ಕೆಲಸ. ಗಣಕಯಂತ್ರದ ಚರಿತ್ರೆಕಾರರು ಈ ದೀಪದ ಋಣವನ್ನು ಎಲ್ಲಿಯೂ ನಮೂದಿಸಿದಂತೆ ಕಾಣೆವು.

ಉಳಿತಾಯವನ್ನು ವೇಗವು ಮತ್ತೆ ನುಂಗುವುದೂ ಇದೇ ಯಂತ್ರದ ಪೀಳಿಗೆಗಳಲ್ಲಿ ಗೋಚರಿಸುತ್ತದೆ. 2019ರ ನಾಲ್ಕನೆಯ ಪೈಗೆ 15 ವಾಟಿನ, 2023ರ ಐದನೆಯದಕ್ಕೆ 27 ವಾಟಿನ ಪೂರೈಕೆಯನ್ನು ತಯಾರಕರೇ ಸೂಚಿಸಿದರು. ಇವು ಗರಿಷ್ಠ ಮಿತಿಗಳೇ ಹೊರತು ಸದಾ ಆಗುವ ವ್ಯಯವಲ್ಲ, ನಿಜ. ಆದರೆ ಏರಿಕೆಯ ದಿಕ್ಕು ಸ್ಪಷ್ಟ. 2015ರಲ್ಲಿ ಬಂದ ಚಿಕ್ಕ ಪೈ ಜೀರೋ ಪರದೆಯಿಲ್ಲದೆ ಸುಮ್ಮನಿರುವಾಗ ಬಳಸುವುದು ಸುಮಾರು ಅರ್ಧ ವಾಟ್, ಎಂದರೆ ಹಗಲಿರುಳೂ ಉರಿದರೆ 12 ವಾಟ್-ಗಂಟೆ. ಮಳೆಗಾಲದ ಮಲೆನಾಡಿನ ಫಲಕಕ್ಕೆ ಹೊಂದುವುದು ಈ ಪುಟ್ಟದೇ.