ಹುಬ್ಬಳ್ಳಿಯ ಸೂಜಿ, ಮುಲ್ಕೊವಾಲದ ಸೀಸೆ

1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹುಬ್ಬಳ್ಳಿಯಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಪ್ಲೇಗಿನ ಚುಚ್ಚುಮದ್ದು ಹಾಕಿಸಿಕೊಂಡರು. ಆಗ ಊರಿನ ಜನಸಂಖ್ಯೆ ಸುಮಾರು 50 ಸಾವಿರ. ಲಸಿಕೆ ಕಂಡುಹಿಡಿದು ಒಂದೂವರೆ ವರ್ಷವೂ ಕಳೆದಿರಲಿಲ್ಲ. ಹಾಕುತ್ತಿದ್ದವನು ಲ್ಯೂಮನ್ ಎಂಬ ಬ್ರಿಟಿಷ್ ಸೇನಾ ವೈದ್ಯ. ಹಾಕಿಸಿಕೊಂಡವರು ರೈಲ್ವೆ ಕಾರ್ಖಾನೆಯ ಕೆಲಸಗಾರರು, ನೇಕಾರರು, ವ್ಯಾಪಾರಿಗಳು, ಕೂಲಿಯವರು. ಅದೇ ಮುಂಬೈ ಪ್ರಾಂತದ ಪುಣೆಯಲ್ಲಿ ಒಂದು ವರ್ಷದ ಹಿಂದೆ, ಪ್ಲೇಗಿನ ಹೆಸರಿನಲ್ಲಿ ಸರ್ಕಾರ ನಡೆಸಿದ ದಬ್ಬಾಳಿಕೆಗೆ ರೊಚ್ಚಿಗೆದ್ದ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದರು. ಒಂದೇ ರೋಗ, ಒಂದೇ ಸರ್ಕಾರ. ಆದರೂ ಒಂದೂರಿನಲ್ಲಿ ಗುಂಡು, ಇನ್ನೊಂದೂರಿನಲ್ಲಿ ಸಾಲುಗಟ್ಟಿ ಚಾಚಿದ ತೋಳು. ಇದು ಹೇಗೆ?

‘ತಿಳಿದವರು ಹಾಕಿಸಿಕೊಂಡರು, ತಿಳಿಯದವರು ಹೆದರಿದರು’ ಎಂದು ಹೇಳಿ ಮುಗಿಸುವುದು ಸುಲಭ. ಕೋವಿಡ್ ಕಾಲದಲ್ಲಿಯೂ ಬಹಳ ಸಲ ಈ ಮಾತು ಕೇಳಿದ್ದೇವೆ. ಆದರೆ ಪ್ಲೇಗಿನ ಚರಿತ್ರೆ ಅಷ್ಟು ಸರಳವಾಗಿಲ್ಲ. ಆ ದಿನಗಳಲ್ಲಿ ಜನರಿಗೆ ಇದ್ದ ಅನುಮಾನಗಳು ವಿಜ್ಞಾನಿಗಳಿಗೂ ಇದ್ದವು. ವ್ಯತ್ಯಾಸ ಇದ್ದದ್ದು, ಯಾರ ಅನುಮಾನಕ್ಕೆ ಉತ್ತರ ಸಿಕ್ಕಿತು, ಯಾರ ಅನುಮಾನಕ್ಕೆ ಬೈಗುಳ ಸಿಕ್ಕಿತು ಎಂಬುದರಲ್ಲಿ.

ಮೊದಲು ಹೆದರಿಕೆಯ ಬೇರು ನೋಡೋಣ. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಆ ಕಾಯ್ದೆಯ ಬಲದಿಂದ ಅಧಿಕಾರಿಗಳು ಯಾರ ಮನೆಗಾದರೂ ನುಗ್ಗಬಹುದಿತ್ತು. ಕಂಕುಳಲ್ಲಿ, ತೊಡೆಸಂದಿನಲ್ಲಿ ಗಡ್ಡೆ ಇದೆಯೇ ಎಂದು ರೈಲು ನಿಲ್ದಾಣದಲ್ಲಿ ಹೆಂಗಸರು ಗಂಡಸರೆನ್ನದೆ ತಡಕಬಹುದಿತ್ತು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಊರಾಚೆಯ ಕ್ಯಾಂಪಿಗೂ ಎಳೆದೊಯ್ಯಬಹುದಿತ್ತು. ಹೆಂಚು ತೆಗೆಸಿ, ನೆಲ ಅಗೆಸಿ, ಕಾರ್ಬಾಲಿಕ್ ಆಮ್ಲ ಸುರಿಯಬಹುದಿತ್ತು. ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ತಿರುಗಿ ಬರುತ್ತಿರಲಿಲ್ಲ. ಹೀಗೆ ಬಂದ ಸರ್ಕಾರವೇ ಸೂಜಿ ಹಿಡಿದು ಬಂದಾಗ ಜನ ನಂಬುವುದಾದರೂ ಹೇಗೆ? ಮೈಸೂರು ಸೀಮೆಯಲ್ಲಿಯೂ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಗಲಭೆಯೆದ್ದಿತು.

ಲಸಿಕೆಯ ಬಗ್ಗೆ ಹಬ್ಬಿದ ಸುದ್ದಿಗಳು ಈ ಅಪನಂಬಿಕೆಯಿಂದಲೇ ಹುಟ್ಟಿದವು. ಸೂಜಿ ಗಜದುದ್ದ ಇದೆ, ಚುಚ್ಚಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ಪಂಜಾಬಿನಲ್ಲಿ ಮಾತಾಡಿಕೊಂಡರು. ಅದರಲ್ಲಿ ದನದ ಮಾಂಸವೋ ಹಂದಿಯ ಮಾಂಸವೋ ಬೆರೆತಿದೆ ಎಂಬ ಗುಮಾನಿ ಎಲ್ಲ ಕಡೆ ಇತ್ತು. ಈ ಕೊನೆಯ ಗುಮಾನಿಯನ್ನು ಲಸಿಕೆ ತಯಾರಿಸಿದವನು ತಳ್ಳಿಹಾಕಲಿಲ್ಲ. ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು, ಆಗಲೇ ಕಾಲರಾ ಲಸಿಕೆಯ ಪ್ರಯೋಗಕ್ಕಾಗಿ ಭಾರತದಲ್ಲಿ ತಿರುಗಿದವನು. ಮುಂಬೈಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಚಿಕ್ಕ ಕೋಣೆಯಲ್ಲಿ ಪ್ಲೇಗಿನ ಸೂಕ್ಷ್ಮಾಣುವನ್ನು ಬೆಳೆಸಲು ಅವನು ಆಡಿನ ಮಾಂಸದ ಸಾರು ಬಳಸಿದ. ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟ. ಆ ಹನಿಗಳಿಗೆ ಅಂಟಿಕೊಂಡು ಸೂಕ್ಷ್ಮಾಣುಗಳು ಕೆಳಗೆ ಜೋತುಬಿದ್ದು ಬೆಳೆಯುತ್ತಿದ್ದವು. ಆಮೇಲೆ ಕಾಯಿಸಿ ಅವನ್ನು ಕೊಂದು, ಕೆಡದಂತೆ ಒಂದಿಷ್ಟು ಕಾರ್ಬಾಲಿಕ್ ಆಮ್ಲ ಸೇರಿಸುತ್ತಿದ್ದ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ‘ಇದರಲ್ಲಿ ಏನಿದೆ?’ ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇರಲಾರದು.

ಇನ್ನೊಂದು ಹೆದರಿಕೆಗೆ ಧರ್ಮವೂ ಬೇಕಿರಲಿಲ್ಲ, ವದಂತಿಯೂ ಬೇಕಿರಲಿಲ್ಲ. ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ, ತೋಳೆತ್ತಲಾಗದಷ್ಟು ನೋವು. ದಿನಗೂಲಿಯವನಿಗೆ ಅದು ಎರಡು ದಿನದ ಗಂಜಿ.

ಇಷ್ಟೆಲ್ಲ ಇದ್ದೂ ಹುಬ್ಬಳ್ಳಿ ಒಪ್ಪಿಕೊಂಡದ್ದಕ್ಕೆ ಎರಡು ಕಾರಣ ಕಾಣುತ್ತವೆ. ಒಂದು, ಸಾವು ಕಣ್ಣೆದುರಿಗೇ ಇತ್ತು. ಚುಚ್ಚಿಸಿಕೊಂಡ ಪಕ್ಕದ ಮನೆಯವನು ಉಳಿದದ್ದೂ ಕಾಣುತ್ತಿತ್ತು. ಇನ್ನೊಂದು, ಲಸಿಕೆಯ ಚೀಟಿ ಇದ್ದವರಿಗೆ ಕ್ಯಾಂಪು, ತಡೆ, ತಪಾಸಣೆಗಳಲ್ಲಿ ವಿನಾಯಿತಿ ಕೊಡುವ ಪದ್ಧತಿಯನ್ನು ಮುಂಬೈ ಪ್ರಾಂತದಲ್ಲಿ ತರಲಾಗಿತ್ತು. ಅಂದರೆ ಹಲವರು ಒಪ್ಪಿದ್ದು ಸೂಜಿಯ ಮೇಲಿನ ಪ್ರೀತಿಗಲ್ಲ, ಕ್ಯಾಂಪಿನ ಮೇಲಿನ ಭಯಕ್ಕೆ. ಇದನ್ನು ಪೂರ್ತಿ ಸಮ್ಮತಿ ಎನ್ನಲಾಗದು, ಪೂರ್ತಿ ಬಲವಂತವೂ ಅಲ್ಲ. ಸಾಂಕ್ರಾಮಿಕದ ಕಾಲದಲ್ಲಿ ‘ಸ್ವಂತ ಇಚ್ಛೆ’ ಎಂಬುದು ಹೆಚ್ಚಾಗಿ ಈ ಎರಡರ ನಡುವೆಯೇ ಇರುತ್ತದೆ.

ಈಗ ವಿಜ್ಞಾನಿಗಳ ಜಗಳಕ್ಕೆ ಬರೋಣ. ಹುಬ್ಬಳ್ಳಿಯಿಂದ ಬಂದ ಅಂಕಿಗಳು ಲಸಿಕೆಯ ಪರವಾಗಿದ್ದವು: ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ, ಹಾಕಿಸಿಕೊಳ್ಳದವರಲ್ಲಿ ಬಹಳ ಹೆಚ್ಚು. ಹಾಫ್‌ಕಿನ್ ಇವನ್ನು ಜಗತ್ತಿಗೆ ತೋರಿಸಿದ. ಆದರೆ ಅನುಭವಿ ವೈದ್ಯರು ಕೇಳಿದರು: ಹಾಕಿಸಿಕೊಳ್ಳದೆ ಉಳಿದವರು ಯಾರು? ಆಗಲೇ ಮೈ ಬಿಸಿಯಾದವರು, ತೀರಾ ಬಡವರು, ಇಲಿ ಬಿದ್ದ ಮನೆಯಲ್ಲೇ ಇರಬೇಕಾದವರು ಅವರಲ್ಲಿ ಹೆಚ್ಚಾಗಿದ್ದರೆ? ಊರು ಬಿಟ್ಟು ಓಡಿಹೋದವರನ್ನು ಯಾವ ಲೆಕ್ಕಕ್ಕೆ ಸೇರಿಸಿದಿರಿ? ಒಟ್ಟು ತಲೆಗಳ ಎಣಿಕೆಯೇ ಗಟ್ಟಿಯಿಲ್ಲದಿದ್ದರೆ ಶೇಕಡಾವಾರು ಎಲ್ಲಿಂದ ಬಂತು? ಇವು ಲಸಿಕೆಯ ಶತ್ರುಗಳ ಪ್ರಶ್ನೆಗಳಲ್ಲ. ಒಳ್ಳೆಯ ಲೆಕ್ಕಿಗನ ಪ್ರಶ್ನೆಗಳು.

ಇವಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಸಣ್ಣ ಹಳ್ಳಿಯಲ್ಲಿ. 1898ರ ಫೆಬ್ರವರಿಯಲ್ಲಿ ಹಾಫ್‌ಕಿನ್ ಅಲ್ಲಿಗೆ ಹೋದಾಗ ಒಂದೊಂದು ಮನೆಯವರನ್ನೂ ಒಟ್ಟಿಗೆ ನಿಲ್ಲಿಸಿ, ವಯಸ್ಸು, ಆರೋಗ್ಯ ಆದಷ್ಟು ಸಮವಾಗುವಂತೆ ಅರ್ಧ ಜನರಿಗೆ ಮಾತ್ರ ಚುಚ್ಚಲಾಯಿತು. ಒಂದೇ ಸೂರು, ಒಂದೇ ಊಟ, ಒಂದೇ ಇಲಿ. ಬೇರೆಯಾದದ್ದು ಸೂಜಿ ಮಾತ್ರ. ಆಮೇಲೆ ರೋಗ ಕಾಲಿಟ್ಟ 28 ಮನೆಗಳ ಲೆಕ್ಕ ತೆಗೆದರು. ಚುಚ್ಚಿಸಿಕೊಂಡ 71 ಜನರಲ್ಲಿ 8 ಮಂದಿಗೆ ರೋಗ, 3 ಸಾವು. ಚುಚ್ಚಿಸಿಕೊಳ್ಳದ 64 ಜನರಲ್ಲಿ 27 ಮಂದಿಗೆ ರೋಗ, 26 ಸಾವು. ಅದೇ ಮನೆಯ ಅಣ್ಣನಿಗೆ ಕೊಟ್ಟು ತಮ್ಮನಿಗೆ ಕೊಡದೆ ಬಿಟ್ಟದ್ದು ಇಂದಿನ ಕಣ್ಣಿಗೆ ನೋವುಂಟುಮಾಡುತ್ತದೆ. ಆದರೆ ಹುಬ್ಬಳ್ಳಿಯ ಸಾವಿರಾರು ಅಂಕಿಗಳು ತೀರಿಸಲಾಗದ ಅನುಮಾನವನ್ನು ಈ 135 ಜನರ ಲೆಕ್ಕ ಬಹುಮಟ್ಟಿಗೆ ತೀರಿಸಿತು.

ಸರ್ಕಾರ ನೇಮಿಸಿದ ಭಾರತೀಯ ಪ್ಲೇಗ್ ಆಯೋಗ 1898ರ ಕೊನೆಯಿಂದ ದೇಶ ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ಅಧ್ಯಕ್ಷ. ಟೈಫಾಯ್ಡ್ ಲಸಿಕೆಗೆ ಹೆಸರಾದ ಆಲ್ಮ್‌ರೋತ್ ರೈಟ್ ಒಬ್ಬ ಸದಸ್ಯ. ಲಸಿಕೆ ರೋಗವನ್ನೂ ಸಾವನ್ನೂ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ ಎಂದು ಆಯೋಗ ಒಪ್ಪಿತು. ಹಾಫ್‌ಕಿನ್‌ನ ಅಂಕಿಗಳು ಅಚ್ಚುಕಟ್ಟಾಗಿಲ್ಲ, ಎಲ್ಲ ಸೀಸೆಗಳ ಮದ್ದಿಗೂ ಒಂದೇ ಬಲ ಇರುವುದಿಲ್ಲ ಎಂದು ಟೀಕಿಸಿತು. ಎರಡೂ ಮಾತು ನಿಜವಾಗಿದ್ದವು.

ಆದರೆ ಇದೇ ಆಯೋಗ ಒಂದು ಕಡೆ ಪೂರಾ ಎಡವಿತು. 1898ರಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋಂಡ್, ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆ ಎಂದು ಬರೆದಿದ್ದ. ಆಯೋಗ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬರಿಗಾಲಿನ ಗಾಯದಿಂದ, ಕೊಳಕು ನೆಲದಿಂದ, ಕಾಳಿನ ಮೂಟೆಯಿಂದ ರೋಗ ಬರುತ್ತದೆ ಎಂದೇ ದೊಡ್ಡವರೆಲ್ಲ ನಂಬಿದ್ದರು. ಮನೆ ಅಗೆದು ಆಮ್ಲ ಸುರಿದದ್ದು ಅದಕ್ಕೇ. 1905ರ ಬಳಿಕ ಮುಂಬೈಯಲ್ಲಿ ಗಿನಿಹಂದಿಗಳನ್ನು ಬೋನಿನಲ್ಲಿಟ್ಟು ಮಾಡಿದ ಪ್ರಯೋಗಗಳು ಸಿಮೋಂಡ್ ಹೇಳಿದ್ದೇ ಸರಿ ಎಂದು ತೋರಿಸಿದವು. ಇತ್ತ ಕುಮಾವೂಂ, ಗಢವಾಲದ ಗುಡ್ಡಗಾಡಿನವರು ಇದಕ್ಕೂ ದಶಕಗಳ ಹಿಂದಿನಿಂದಲೇ ಇಲಿ ಸತ್ತರೆ ಮನೆ ಬಿಡುತ್ತಿದ್ದರು. ಕನ್ನಡನಾಡಿನ ಹಳ್ಳಿಗಳಲ್ಲಿಯೂ ಇಲಿ ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುವ ರೂಢಿ ಬೆಳೆಯಿತು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ಅಗ್ರಹಾರದಲ್ಲಿ ಬಿದ್ದು ಸಾಯುವ ಇಲಿಗಳು ನೆನಪಿರುತ್ತವೆ. ಶವಸಂಸ್ಕಾರದ ಧರ್ಮಸೂಕ್ಷ್ಮದಲ್ಲಿ ಮುಳುಗಿದ ಪಂಡಿತರಿಗೆ ಅದರ ಅರ್ಥ ಹೊಳೆಯುವುದಿಲ್ಲ. ಪ್ಲೇಗ್ ಆಯೋಗದ ಪಂಡಿತರ ಕತೆಯೂ ಸ್ವಲ್ಪ ಹೀಗೆಯೇ.

ಲಸಿಕೆಯ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1902ರ ಅಕ್ಟೋಬರ್ 30ರಂದು, ಪಂಜಾಬಿನ ಮುಲ್ಕೊವಾಲ ಎಂಬ ಹಳ್ಳಿಯಲ್ಲಿ. ಅಂದು ಐದು ಸೀಸೆಗಳಿಂದ 107 ಜನರಿಗೆ ಮದ್ದು ಹಾಕಿದರು. ಅದರಲ್ಲಿ ಒಂದೇ ಒಂದು ಸೀಸೆಯಿಂದ ಹಾಕಿಸಿಕೊಂಡ 19 ಜನರೂ ಧನುರ್ವಾಯುವಿನಿಂದ ಸತ್ತರು. ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ. ತನಿಖಾ ಸಮಿತಿ ಮುಂಬೈಯ ಪ್ರಯೋಗಾಲಯದ ಕಡೆ ಬೆರಳು ತೋರಿಸಿತು. ಕಾರ್ಬಾಲಿಕ್ ಆಮ್ಲ ಬಿಟ್ಟು ಕಾಯಿಸುವುದರ ಮೇಲೆಯೇ ಭರವಸೆಯಿಟ್ಟದ್ದು ತಪ್ಪು ಎಂದಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಆದರೆ ಆ ದಿನ ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು; ಅದನ್ನು ಬೆಂಕಿಯಲ್ಲಿ ಕಾಯಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಸೂಕ್ಷ್ಮಾಣು ಇರುವುದೇ ಮಣ್ಣಿನಲ್ಲಿ. ತನಿಖೆಯ ಕಾಗದಪತ್ರಗಳು ಪ್ರಕಟವಾಗಲು ನಾಲ್ಕು ವರ್ಷ ಹಿಡಿಯಿತು. ಮಲೇರಿಯಾ ಸೊಳ್ಳೆಯ ಸಂಬಂಧ ಸಾಧಿಸಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಗಳಲ್ಲಿ ಹಾಫ್‌ಕಿನ್ ಪರವಾಗಿ ಬರೆದರು. ಆಮೇಲೆ ಅವನ ಮೇಲಿನ ಆರೋಪ ಕಳಚಿತು. ಮುಂಬೈಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು.

ಅವನಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು. ಆದರೆ ಆ ನಾಲ್ಕೈದು ವರ್ಷಗಳಲ್ಲಿ ಪಂಜಾಬಿನ ರೈತನಿಗೆ ತಲುಪಿದ್ದು ಒಂದೇ ಸುದ್ದಿ: ಸೂಜಿ ಹಾಕಿಸಿಕೊಂಡವರು ಸತ್ತರು. ಒಂದೇ ಸೀಸೆ ಕೆಟ್ಟಿತ್ತು, ಕೆಟ್ಟದ್ದು ಹೀಗೆ ಎಂದು ಆ ವಾರವೇ ಹಳ್ಳಿ ಹಳ್ಳಿಗೂ ಹೇಳಿದ್ದರೆ ಹೆದರಿಕೆ ಇಷ್ಟು ಹಬ್ಬುತ್ತಿರಲಿಲ್ಲವೇನೋ. ಸರ್ಕಾರ ಕಡತ ಮುಚ್ಚಿಟ್ಟುಕೊಂಡು ಒಬ್ಬ ತಪ್ಪಿತಸ್ಥನನ್ನು ಹುಡುಕುತ್ತ ಕೂತಿತು.

ಈ ಚರಿತ್ರೆಯನ್ನು ರಾಯಚೂರು ಸೀಮೆಯಲ್ಲಿ ನಿಂತು ಓದುವುದಕ್ಕೆ ಬೇರೆ ಅರ್ಥವಿದೆ. ಮುಂಬೈ ಕಡೆಯ ರೈಲು ದಾರಿಯೂ ಮದ್ರಾಸ್ ಕಡೆಯ ರೈಲು ದಾರಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ರೋಗಗಳು ರೈಲು ಹಿಡಿದು ಬರುವುದನ್ನು ಆ ಕಾಲ ಕಂಡಿತ್ತು. ಬೆಂಗಳೂರಿಗೆ 1898ರ ಆಗಸ್ಟ್‌ನಲ್ಲಿ ಪ್ಲೇಗು ಬಂದದ್ದೂ ಹುಬ್ಬಳ್ಳಿಯಿಂದ ರೈಲಿನಲ್ಲಿಯೇ. 2020ರಲ್ಲಿ ಕುರ್ಡಿ, ಮಾನ್ವಿ, ದೇವದುರ್ಗದ ಕಡೆಯಿಂದ ಗುಳೆ ಹೋದವರು ಬೆಂಗಳೂರು, ಪುಣೆ, ಹೈದರಾಬಾದುಗಳಿಂದ ಮರಳಿದಾಗ ಊರಿನವರು ಅವರನ್ನು ನೋಡಿದ ನೋಟದಲ್ಲಿ ಆ ಹಳೆಯ ಅಂಜಿಕೆಯೇ ಇತ್ತು. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚ್‌ನಲ್ಲಿ ಪಕ್ಕದ ಕಲಬುರಗಿಯಲ್ಲೇ ಆಗಿತ್ತು.

ವಿಜ್ಞಾನಿಗಳ ಜಗಳವೂ ಮರುಕಳಿಸಿತು. ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಖಡಾಖಂಡಿತವಾಗಿ ಸಾರಿತು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಗಾಳಿಯಿಂದಲೂ ಹರಡುತ್ತದೆ ಎಂದರು. ಆ ವೇಳೆಗೆ ನಾವು ತರಕಾರಿ ತೊಳೆದು, ಬಾಗಿಲ ಚಿಲಕಕ್ಕೆ ಔಷಧಿ ಸಿಂಪಡಿಸಿ, ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ನೆಲಕ್ಕೆ ಕಾರ್ಬಾಲಿಕ್ ಆಮ್ಲ ಸುರಿದ ಕತೆಯ ಇನ್ನೊಂದು ರೂಪ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ಹಿರಿಯ ವಿಜ್ಞಾನಿಗಳೇ ಆಕ್ಷೇಪಿಸಿದರು. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರ ಕೆಲವೇ ತಿಂಗಳಲ್ಲಿ ಎರಡು ಸಲ ಬದಲಾಯಿತು. ಬಹಳ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ಯುರೋಪಿನ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಹೇಳಿದ್ದರು. ನಮ್ಮಲ್ಲಿ ಬಹಳ ಜನರಿಗೆ ಅದು ತಿಳಿದದ್ದು 2024ರಲ್ಲಿ, ಲಂಡನ್ನಿನ ಕೋರ್ಟಿನ ಸುದ್ದಿಯಾಗಿ. ಲಸಿಕೆ ಉಳಿಸಿದ ಜೀವಗಳ ಮುಂದೆ ಆ ಅಪಾಯ ತೀರಾ ಸಣ್ಣದು ಎಂಬುದು ನಿಜ. ಆದರೆ ಆ ನಿಜವನ್ನು ಮೊದಲೇ, ನಮ್ಮ ಮಾತಿನಲ್ಲಿ ಹೇಳಿದ್ದರೆ ಮೂರು ವರ್ಷದ ಮೇಲೆ ಅದು ‘ಮುಚ್ಚಿಟ್ಟ ಗುಟ್ಟು’ ಆಗಿ ಕಾಣುತ್ತಿರಲಿಲ್ಲ.

ಹಾಗೆಂದು ಎಲ್ಲ ಅನುಮಾನಗಳೂ ಒಂದೇ ತೂಕದವಲ್ಲ. ಹುಬ್ಬಳ್ಳಿಯ ಅಂಕಿಗಳನ್ನು ಪ್ರಶ್ನಿಸಿದ ವೈದ್ಯ ಉಂಧೇರಾದ ಲೆಕ್ಕ ಬಂದಾಗ ಅದನ್ನು ತೂಗಿ ನೋಡಿದ. ಯಾವ ಲೆಕ್ಕ ಬಂದರೂ ಬಗ್ಗದೆ, ಸೂಜಿಯಲ್ಲಿ ಚಿಪ್ಪಿದೆ ಎಂದು ಫೋನಿನಿಂದ ಫೋನಿಗೆ ದಾಟಿಸಿದವರದು ಆ ಜಾತಿಯ ಅನುಮಾನವಲ್ಲ. ಇವೆರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸ ಓದುಗರಿಗೂ ಬೇಕು, ಸರ್ಕಾರಕ್ಕೂ ಬೇಕು. ‘ಜ್ವರ ಬಂದು ಎರಡು ದಿನ ಕೂಲಿ ತಪ್ಪಿದರೆ ಏನು ಮಾಡೋದು?’ ಎಂದು ಭತ್ತದ ಗದ್ದೆಯಲ್ಲಿ ಕೇಳುವ ಹೆಣ್ಣುಮಗಳಿಗೆ ವಿಜ್ಞಾನದ ಪಾಠ ಬೇಕಿಲ್ಲ. ಆ ಎರಡು ದಿನದ ಕೂಲಿ ಬೇಕು. ಮನೆ ಮನೆಗೆ ನಡೆದ ಆಶಾ ಕಾರ್ಯಕರ್ತೆಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಕೈಯಲ್ಲಿ ಲಸಿಕೆಯ ಪೆಟ್ಟಿಗೆ, ಪಟ್ಟಿ, ಗುರಿಯ ಸಂಖ್ಯೆ ಇದ್ದವು. ಕೂಲಿ ಕೊಡುವ ಅಧಿಕಾರ ಇರಲಿಲ್ಲ.