ಮಸೂರ ಕಳಚದ ಕ್ಯಾಮೆರಾಗಳು

ನಮ್ಮ ಮನೆಯ ಚಾವಡಿಯ ಕಪಾಟಿನಲ್ಲಿ ಎರಡು ಕ್ಯಾಮೆರಾಗಳಿವೆ. ಒಂದು ನನ್ನ ಸೋದರಮಾವನ ರೋಲಿಕಾರ್ಡ್. ಅದರ ಮಸೂರಗಳನ್ನು ಕಳಚಲು ಬರುವುದಿಲ್ಲ. ಇನ್ನೊಂದು ನಾನು ಕೆಲಸಕ್ಕೆ ಸೇರಿದ ಮೇಲೆ ಸಾಲ ಮಾಡಿ ಕೊಂಡದ್ದು. ಅದಕ್ಕೆ ತಿರುಗಿಸಿ ಕಳಚಿ ಜೋಡಿಸಬಹುದಾದ ಮೂರು ಮಸೂರಗಳಿವೆ. ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ನಮ್ಮಿಬ್ಬರ ನಡುವೆ ಹಲವು ವರ್ಷ ನಡೆಯಿತು. ಆ ಚರ್ಚೆಗೆ ನಮಗಿಂತ ಹಿಂದಿನ ಒಂದು ಚರಿತ್ರೆಯಿದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಚರಿತ್ರೆ ಜರ್ಮನಿಯಲ್ಲಿ ಆರಂಭವಾಗುತ್ತದೆ. ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞನಿದ್ದ. ಸಿನಿಮಾದ 35 ಮಿ.ಮೀ. ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮೆರಾವೊಂದರ ಮಾದರಿಯನ್ನು ಅವನು 1914ರ ಹೊತ್ತಿಗೆ ಸಿದ್ಧಪಡಿಸಿದ್ದ. ನಡುವೆ ಮಹಾಯುದ್ಧ ಬಂತು. 1925ರಲ್ಲಿ ಲೈಪ್‌ಝಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಹೊರಬಂದಾಗ ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಮಸೂರವೊಂದೇ ಅದಕ್ಕಿತ್ತು. ಒಳಗೆ ತಳ್ಳಿ ಮಡಚಬಹುದಿತ್ತು, ತೆಗೆಯುವಂತಿರಲಿಲ್ಲ. ಮಸೂರವನ್ನು ಬದಲಿಸಬಹುದಾದ ಲೈಕಾ ಬಂದದ್ದು 1930ರಲ್ಲಿ. ಆರಂಭದಲ್ಲಿ ಒಂದು ಕ್ಯಾಮೆರಾಕ್ಕೆ ಹೊಂದಿಸಿದ ಮಸೂರ ಇನ್ನೊಂದಕ್ಕೆ ಸರಿಹೋಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಂದೊಂದನ್ನೂ ಜೊತೆಗೂಡಿಸಿ ಕೊಡಬೇಕಿತ್ತು. ಮಸೂರ ಕೂರುವ ಬಳೆಗೂ ಫಿಲ್ಮಿಗೂ ನಡುವಿನ ಅಂತರವನ್ನು 28.8 ಮಿ.ಮೀ. ಎಂದು ನಿಗದಿಪಡಿಸಿದ ಮೇಲೆ, 1931ರಿಂದ, ಯಾವ ಮಸೂರವನ್ನು ಯಾವ ಕ್ಯಾಮೆರಾಕ್ಕೂ ಹಾಕುವಂತಾಯಿತು. ಆ ಅಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರ ಮಸುಕಾಗುತ್ತದೆ. ಮಸೂರ ಕಳಚದ ಕ್ಯಾಮೆರಾಕ್ಕೆ ಈ ತೊಂದರೆ ಇಲ್ಲ. ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ್ದು ಕೂತಲ್ಲೇ ಇರುತ್ತದೆ.

ಇದೇ ಹೊತ್ತಿಗೆ ಬ್ರೌನ್‌ಶ್ವೈಗ್ ನಗರದಲ್ಲಿ ಪೌಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ ಎಂಬಿಬ್ಬರು 1920ರಲ್ಲಿ ಆರಂಭಿಸಿದ್ದ ಕಂಪೆನಿ ಬೇರೆ ದಾರಿ ಹಿಡಿಯಿತು. 1929ರಲ್ಲಿ ಅವರು ರೋಲಿಫ್ಲೆಕ್ಸ್ ಹೊರತಂದರು. ಒಂದರ ಮೇಲೊಂದು ಎರಡು ಮಸೂರ. ಮೇಲಿನದು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಅದರ ಅಗ್ಗದ ತಂಗಿಯಾಗಿ 1933ರಲ್ಲಿ ರೋಲಿಕಾರ್ಡ್ ಬಂತು. ಎರಡೂ ಮಸೂರಗಳು ಒಂದೇ ತಾಳಕ್ಕೆ ಹಿಂದೆ ಮುಂದೆ ಸರಿಯಬೇಕಾದುದರಿಂದ, ಬದಲಿಸುವುದಾದರೆ ಜೋಡಿಯನ್ನೇ ಬದಲಿಸಬೇಕು. ಜಪಾನಿನ ಮಾಮಿಯಾ ಕಂಪೆನಿ 1950ರ ದಶಕದ ಕೊನೆಯಲ್ಲಿ ಹಾಗೆಯೇ ಮಾಡಿತು. ಕ್ಯಾಮೆರಾ ತುಂಬ ಭಾರವಾಯಿತು. ಫ್ರಾಂಕೆ ಮತ್ತು ಹೈಡೆಕೆ ಕಂಪೆನಿ ಅದಕ್ಕೆ ಒಪ್ಪಲಿಲ್ಲ. ದೂರದ ಚಿತ್ರ ಬೇಕೆಂದವರಿಗೆ 135 ಮಿ.ಮೀ. ಮಸೂರದ ಟೆಲಿ-ರೋಲಿಫ್ಲೆಕ್ಸನ್ನು 1959ರಲ್ಲೂ, ಅಗಲದ ನೋಟ ಬೇಕೆಂದವರಿಗೆ 55 ಮಿ.ಮೀ.ನದನ್ನು 1961ರಲ್ಲೂ ಪ್ರತ್ಯೇಕ ಕ್ಯಾಮೆರಾಗಳಾಗಿಯೇ ಮಾಡಿಕೊಟ್ಟಿತು. ಬೇಕಿದ್ದರೆ ಇನ್ನೊಂದು ಕ್ಯಾಮೆರಾ ಕೊಳ್ಳಿ, ಇದರ ಮಸೂರ ಕಳಚುವುದಿಲ್ಲ ಎಂಬ ಹಟ!

ಕಾಲ ಆ ಹಟಕ್ಕೆ ಸೋಲಲಿಲ್ಲ. 1959ರಲ್ಲೇ ಜಪಾನಿನಿಂದ ನಿಕಾನ್ ಎಫ್ ಬಂತು. ಮಸೂರದ ಮೂಲಕವೇ ನೋಡಿ, ಬೇಕಾದ ಮಸೂರವನ್ನು ಹಾಕಿ ಚಿತ್ರ ತೆಗೆಯುವ ಆ ಕ್ಯಾಮೆರಾ ಪತ್ರಿಕಾ ಛಾಯಾಗ್ರಾಹಕರ ಕೆಲಸವನ್ನೇ ಬದಲಿಸಿತು. 1966ರಲ್ಲಿ ರೋಲಿಯವರೂ ಮಸೂರ ಬದಲಿಸುವ ಎಸ್‌ಎಲ್66 ಎಂಬ ಕ್ಯಾಮೆರಾ ಮಾಡಬೇಕಾಯಿತು. 1981ರಲ್ಲಿ ಕಂಪೆನಿ ದಿವಾಳಿಯಾಯಿತು. ಆದರೆ ಆ 1959ನೆಯ ವರ್ಷ ಇನ್ನೊಂದು ಕಾರಣಕ್ಕೂ ನೆನಪಿಡತಕ್ಕದ್ದು. ಯೋಶಿಹಿಸಾ ಮೈಟಾನಿ ಎಂಬ ತರುಣ ಎಂಜಿನಿಯರ್ ರೂಪಿಸಿದ ಒಲಿಂಪಸ್ ಪೆನ್ ಮಾರುಕಟ್ಟೆಗೆ ಬಂದದ್ದೂ ಆಗಲೇ. 36 ಚಿತ್ರಗಳ ಸುರುಳಿಯಲ್ಲಿ 72 ಚಿತ್ರ ಹಿಡಿಯುವ, ಸಾಮಾನ್ಯರ ಕೈಗೆಟಕುವ ಬೆಲೆಯ ಆ ಪುಟ್ಟ ಕ್ಯಾಮೆರಾಕ್ಕೆ ಒಳ್ಳೆಯದೇ ಆದ ಒಂದು ಮಸೂರವಿತ್ತು, ಅದು ಕಳಚುತ್ತಿರಲಿಲ್ಲ. 1961ರ ಕ್ಯಾನೊನೆಟ್, 1966ರ ಯಾಶಿಕಾ ಎಲೆಕ್ಟ್ರೋ 35 ಅದೇ ದಾರಿಯಲ್ಲಿ ಬಂದವು.

ನಮ್ಮ ದೇಶದಲ್ಲಿ ಈ ಆಯ್ಕೆಗೆ ಆಸ್ಪದವೇ ಕಡಿಮೆ. ಆಮದಿನ ಮೇಲೆ ಬಿಗಿ ನಿರ್ಬಂಧಗಳಿದ್ದ ದಶಕಗಳಲ್ಲಿ ಪರದೇಶದ ಕ್ಯಾಮೆರಾ ಎಂದರೆ ಕೈಯಿಂದ ಕೈಗೆ ದಾಟಿ ಬಂದ ಹಳೆಯದು. ಸಾಮಾನ್ಯರಿಗೆ ದಕ್ಕಿದ್ದು ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3ರಂತಹ ಸರಳ ಕ್ಯಾಮೆರಾ, ಅದಕ್ಕೆ 12 ಚಿತ್ರಗಳ 120 ಫಿಲ್ಮು. ನೀಲಗಿರಿಯ ಊಟಿಯಲ್ಲಿ ಸರಕಾರವೇ 1960ರಲ್ಲಿ ಸ್ಥಾಪಿಸಿದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮನ್ನೂ ಕಾಗದವನ್ನೂ ತಯಾರಿಸಿತು. ಆ ಕಾರ್ಖಾನೆ ಈಗ ಮುಚ್ಚಿದೆ. ದೆಹಲಿಯಲ್ಲಿ ಸ್ವಾತಂತ್ರ್ಯದ ಆಸುಪಾಸಿನ ದೊಡ್ಡ ಘಟನೆಗಳನ್ನೆಲ್ಲ ಹಿಡಿದ ಹೋಮಾಯಿ ವ್ಯಾರಾವಾಲಾ ಅವರು ಬಳಸಿದ ಕ್ಯಾಮೆರಾಗಳಲ್ಲೂ ರೋಲಿಫ್ಲೆಕ್ಸ್ ಇತ್ತು.

ಆದರೆ ಗತಿಯಿಲ್ಲದೆ ಒಪ್ಪಿದವರ ಕ್ಯಾಮೆರಾ ಅದು ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಡಯೇನ್ ಆರ್ಬಸ್ 35 ಮಿ.ಮೀ. ಕ್ಯಾಮೆರಾವನ್ನು ಬದಿಗಿಟ್ಟು 1962ರ ಸುಮಾರಿಗೆ ರೋಲಿಫ್ಲೆಕ್ಸಿಗೆ ಬಂದರು. ಶಿಕಾಗೋ ನಗರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮಾಯರ್ ಬೀದಿಯ ಜನರನ್ನು ರೋಲಿಫ್ಲೆಕ್ಸಿನಲ್ಲಿ ದಶಕಗಳ ಕಾಲ ಹಿಡಿದರು. ಅವರ ನೆಗೆಟಿವ್‌ಗಳು 2007ರಲ್ಲಿ ಹರಾಜಿಗೆ ಬಂದ ಮೇಲೆಯೇ ಲೋಕಕ್ಕೆ ವಿಷಯ ತಿಳಿದದ್ದು.

ಮಾವನ ಕಾರಣಗಳು ಇವರಷ್ಟು ದೊಡ್ಡವಲ್ಲ, ಕಸುಬಿನವು. ಅವರ ಕ್ಯಾಮೆರಾದ ಷಟರ್ ಮಸೂರದೊಳಗೇ ಇದೆ. ಉಕ್ಕಿನ ತೆಳು ಎಲೆಗಳು ತೆರೆದು ಮುಚ್ಚುತ್ತವೆ. ಆದುದರಿಂದ 1/500 ಸೆಕೆಂಡಿನಲ್ಲೂ ಫ್ಲಾಶ್ ಕೂಡಿಬರುತ್ತದೆ. ನನ್ನ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಬಟ್ಟೆಯ ಪರದೆ ಓಡಬೇಕು. 1/60ರಿಂದ ಮೇಲೆ ಹೋದರೆ ಚಿತ್ರದ ಒಂದು ಭಾಗ ಕಪ್ಪು. ಮಧ್ಯಾಹ್ನದ ಮುಹೂರ್ತ, ಅಂಗಳದಲ್ಲಿ ಉರಿಬಿಸಿಲು, ಚಪ್ಪರದಡಿಯಲ್ಲಿ ಮದುಮಗಳ ಮುಖಕ್ಕೆ ನೆರಳು: ಇಂಥಲ್ಲಿ ಈ ವ್ಯತ್ಯಾಸ ಎಷ್ಟೆಂದು ಮದುವೆಯ ಚಿತ್ರ ತೆಗೆದವರಿಗೆ ಗೊತ್ತು.

ಇನ್ನೊಂದು ಕಾರಣ ಅಳತೆಯದು. 75 ಮಿ.ಮೀ. ಮಸೂರ, 56 ಮಿ.ಮೀ. ಚೌಕ. ಎಷ್ಟು ದೂರದಲ್ಲಿ ನಿಲ್ಲುತ್ತೇವೋ ಅದರ ಮುಕ್ಕಾಲು ಪಾಲು ಅಗಲ ಚಿತ್ರದಲ್ಲಿ ಬರುತ್ತದೆ. ಹತ್ತಡಿಯಲ್ಲಿ ಏಳೂವರೆ ಅಡಿ, ಇಪ್ಪತ್ತಡಿಯಲ್ಲಿ ಹದಿನೈದು ಅಡಿ. ಮಾವನಿಗೆ ಇದು ಮೈಗೂಡಿತ್ತು. ಕುಟುಂಬದವರೆಲ್ಲ ಜಗಲಿಯಲ್ಲಿ ನಿಂತರೆ ಇವರು ಅಂಗಳ ದಾಟಿ ತೋಟದ ಅಂಚಿಗೆ ಹೋಗುತ್ತಿದ್ದರು. ಅಜ್ಜಿಯೊಬ್ಬರ ಮುಖ ಬೇಕಿದ್ದರೆ ಮೂರಡಿ ದೂರಕ್ಕೆ ಬಂದು, ಕುಶಲ ಕೇಳಿ, ತಲೆ ಬಗ್ಗಿಸಿ ಕ್ಯಾಮೆರಾದೊಳಗೆ ನೋಡುತ್ತಿದ್ದರು. "ಕಾಲಿನಲ್ಲಿ ಮಾಡುವ ಕೆಲಸವನ್ನು ನೀನು ಚೀಲದಲ್ಲಿ ಹುಡುಕುತ್ತೀ ಮಾರಾಯ" ಎಂದು ನನ್ನನ್ನು ಹಾಸ್ಯಮಾಡುವುದಿತ್ತು.

ಅಕ್ಕನ ಮದುವೆ 1984ರ ಮೇ ತಿಂಗಳಲ್ಲಿ ನಡೆಯಿತು. ನಾನು ಚಪ್ಪರದ ಕಂಬದ ಹಿಂದೆ ಕುಳಿತು ಅಗಲದ ಮಸೂರವನ್ನು ಕಳಚಿ 135 ಮಿ.ಮೀ.ನದನ್ನು ಜೋಡಿಸುತ್ತಿದ್ದೆ. ತಲೆ ಎತ್ತಿದಾಗ ಧಾರೆ ಎರೆದು ಆಗಿತ್ತು. ಅಪ್ಪ ಬರಿದಾದ ಕಲಶವನ್ನು ಕೆಳಗಿಡುತ್ತಿದ್ದರು. ಮರುವರ್ಷ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಆ ದಿನ ನಾನು ಮೂರು ಸುರುಳಿ ಫಿಲ್ಮು ಮುಗಿಸಿದ್ದೆ, ಒಳ್ಳೆಯ ಚಿತ್ರಗಳೂ ಇದ್ದವು. ಧಾರೆಯ ಚಿತ್ರ ಇರುವುದು ಒಂದೇ, ಅದು ಮಾವನದು. ಅವರು ತಮ್ಮ ಎಂಟಡಿ ದೂರದಲ್ಲಿ ಮೊದಲೇ ಬಂದು ನಿಂತಿದ್ದರು. ಅಪ್ಪನ ಕೈ ನಡುಗುತ್ತಿದ್ದುದರಿಂದ ನೀರಿನ ಎಳೆ ಸ್ವಲ್ಪ ಓರೆಯಾಗಿದೆ.

ಇಷ್ಟು ಹೇಳಿ ಮಸೂರ ಬದಲಿಸುವ ಕ್ಯಾಮೆರಾಗಳನ್ನು ಹಳಿದರೆ ಅನ್ಯಾಯವಾದೀತು. ಬಯಲಾಟದ ರಂಗಸ್ಥಳದಿಂದ ದೂರ ಕುಳಿತವನಿಗೆ, ಮರದ ತುದಿಯ ಹಕ್ಕಿ ಬೇಕಾದವನಿಗೆ ರೋಲಿಕಾರ್ಡ್ ಏನೂ ಮಾಡಿಕೊಡದು. ಮಾವ ತೆಗೆದ ಯಕ್ಷಗಾನದ ಚಿತ್ರಗಳಲ್ಲಿ ಹಿಂದಿನ ಸಾಲಿನಿಂದ ತೆಗೆದದ್ದು ಒಂದೂ ಇಲ್ಲ. ಮುಂದೆ ಜಾಗ ಸಿಗದ ರಾತ್ರಿ ಅವರು ಕ್ಯಾಮೆರಾ ಹೊರತೆಗೆಯುತ್ತಲೇ ಇರಲಿಲ್ಲ. ಎಷ್ಟೋ ಹಿರಿಯ ಕಲಾವಿದರ ವೇಷ ಹಾಗೆ ತಪ್ಪಿಹೋಗಿದೆ. ನನ್ನ ಉದ್ದ ಮಸೂರ ಹಿಡಿದದ್ದು ಅಂಥವರನ್ನೇ.

ಆದರೂ ಈ ಜಾತಿಯ ಕ್ಯಾಮೆರಾ ನಿರ್ವಂಶವಾಗಲಿಲ್ಲ. 1990ರ ಕಾಂಟ್ಯಾಕ್ಸ್ ಟಿ2, 1993ರ ಕೋನಿಕಾ ಹೆಕ್ಸಾರ್, 1996ರ ರಿಕೋ ಜಿಆರ್1, ಇವೆಲ್ಲ ಬೆಲೆಯ ಕಾರಣಕ್ಕಲ್ಲ, ಬೇಕೆಂದೇ ಒಂದೇ ಮಸೂರ ಇರಿಸಿಕೊಂಡವು. ಡಿಜಿಟಲ್ ಬಂದು ಫಿಲ್ಮು ಮುಗಿಯಿತೆಂದು ಎಲ್ಲರೂ ಹೇಳಿದ ಮೇಲೆ, 2024ರಲ್ಲಿ, ಪೆಂಟ್ಯಾಕ್ಸ್ ಹೆಸರಿನಲ್ಲಿ ಹೊಸದೊಂದು ಫಿಲ್ಮ್ ಕ್ಯಾಮೆರಾ ಬಂತು. ಹೆಸರು ಪೆಂಟ್ಯಾಕ್ಸ್ 17. ಕೈಯಿಂದ ತಿರುಗಿಸುವ ಸನ್ನೆ, ಪೆನ್ನಿನಂತೆಯೇ ಅರ್ಧ ಚೌಕಟ್ಟಿನ ಚಿತ್ರ, 25 ಮಿ.ಮೀ. ಮಸೂರ. ಅದೂ ಕಳಚುವುದಿಲ್ಲ.

ಮಾವ ಈಗಿಲ್ಲ. ಕಳೆದ ಮಳೆಗಾಲದ ಬಳಿಕ ಕಪಾಟು ತೆರೆದು ನೋಡಿದೆ. ನನ್ನ ಮೂರರಲ್ಲಿ ಎರಡು ಮಸೂರಗಳಿಗೆ ಬೂಸ್ಟು ಹಿಡಿದಿತ್ತು. ರೋಲಿಕಾರ್ಡಿನ ಮೇಲಿನ ಮಸೂರದ ಅಂಚಿನಲ್ಲೂ ಬಿಳಿಯ ಬಲೆ ಹಬ್ಬತೊಡಗಿದೆ. ಕರಾವಳಿಯ ತೇವಕ್ಕೆ ಪಕ್ಷಪಾತವಿಲ್ಲ. ಕ್ಯಾಮೆರಾಗಳು ಹೇಗೂ ಹೋಗುತ್ತವೆ, ನೆಗೆಟಿವ್‌ಗಳಾದರೂ ಉಳಿಯಲಿ. ಓದುಗರ ಮನೆಗಳಲ್ಲಿ ಅಂಥ ಚೌಕ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ ಇದ್ದರೆ ಒಣ ಕಾಗದದ ಲಕೋಟೆಗೆ ವರ್ಗಾಯಿಸಿ. ಚಿತ್ರದ ಹಿಂದೆ ಇದ್ದವರ ಹೆಸರನ್ನು, ತೆಗೆದವರ ಹೆಸರನ್ನೂ, ಪೆನ್ಸಿಲಿನಲ್ಲಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದಿಡಿ. ಆ ಚಿತ್ರದಲ್ಲಿ ಮುಖಗಳು ಹತ್ತಿರವಾಗಿ ಕಂಡರೆ, ತೆಗೆದವನೂ ಅಷ್ಟೇ ಹತ್ತಿರ ಬಂದು ನಿಂತಿದ್ದ ಎಂದು ಮಕ್ಕಳಿಗೆ ಹೇಳಬಹುದು.