ಬವೇರಿಯಾದ ಅಣಬೆ, 600 ಬೆಕೆರೆಲ್

ಸೆಪ್ಟೆಂಬರ್ ಬಂತೆಂದರೆ ನಮ್ಮ ಪ್ರಯೋಗಾಲಯಕ್ಕೆ ಬರುವ ಪೊಟ್ಟಣಗಳಲ್ಲಿ ಮಾರೋನೆ ಅಣಬೆಯದೇ ಮೇಲುಗೈ. ಕಂದು ಟೋಪಿ, ಅಡಿಯಲ್ಲಿ ಹಳದಿ ಸ್ಪಂಜು. ಹೆಬ್ಬೆರಳಿನಿಂದ ಒತ್ತಿದರೆ ಆ ಜಾಗ ನೋಡನೋಡುತ್ತಲೇ ನೀಲಿಗಟ್ಟುತ್ತದೆ. ಮಣ್ಣು ಕೆರೆದು, ಸಣ್ಣಗೆ ಹೆಚ್ಚಿ, ತಳದಲ್ಲಿ ಗುಳಿಯಿರುವ ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ತುಂಬುತ್ತೇನೆ. ಆ ಗುಳಿ ಜರ್ಮೇನಿಯಂ ಶೋಧಕದ ಮೇಲೆ ಸರಿಯಾಗಿ ಕೂರುವಂತೆ ಡಬ್ಬಿಯನ್ನಿಟ್ಟು ಸೀಸದ ಮುಚ್ಚಳ ಎಳೆದರೆ ನನ್ನ ಪಾಲಿನ ಕೆಲಸ ಮುಗಿಯಿತು. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದು ಗುರುತಿರುವ ಕಡೆ ಗೆರೆ ಮೇಲೇಳುತ್ತದೆ. ಅದು ವಿಕಿರಣ ಸೂಸುವ ಸೀಸಿಯಂ-137.

ನಾನು ಕೊಪ್ಪದ ಕಡೆಯವನು. ಗುಡುಗಿದ ಮಾರನೇ ದಿನ ಹುತ್ತದ ಸುತ್ತ ಅಣಬೆ ಹುಡುಕುತ್ತಾ ಬೆಳೆದವನಿಗೆ ಇದ್ದದ್ದು ಒಂದೇ ಪ್ರಶ್ನೆ: ವಿಷದ್ದೋ, ತಿನ್ನುವಂಥದ್ದೋ? ಮ್ಯೂನಿಕ್‌ಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ಎಷ್ಟು ಬೆಕೆರೆಲ್, ಅಂದರೆ ಎಷ್ಟು ವಿಕಿರಣ?

ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರಂದು. ಪಶ್ಚಿಮ ಜರ್ಮನಿಯ ಆಗಿನ ಗೃಹಮಂತ್ರಿ ಫ್ರೀಡ್ರಿಷ್ ಝಿಮ್ಮರ್‌ಮನ್ ಟೀವಿಯಲ್ಲಿ ಕಾಣಿಸಿಕೊಂಡು, ಅದು 2000 ಕಿ.ಮೀ. ದೂರದ ಮಾತು, ನಮಗೇನೂ ಅಪಾಯವಿಲ್ಲ ಎಂದು ಸಾರಿದರು. ಆಮೇಲೆ ಗಾಳಿ ತಿರುಗಿತು. ವಿಕಿರಣದ ಮೋಡ ದಕ್ಷಿಣ ಬವೇರಿಯಾದ ಮೇಲಿರುವಾಗಲೇ ಜೋರು ಮಳೆ ಹುಯ್ದು, ಗಾಳಿಯಲ್ಲಿದ್ದದ್ದೆಲ್ಲ ನೆಲಕ್ಕಿಳಿಯಿತು. ಉತ್ತರ ಜರ್ಮನಿಯ ಬಯಲಿನಲ್ಲಿ ಚದರ ಮೀಟರಿಗೆ 4000 ಬೆಕೆರೆಲ್ ಸೀಸಿಯಂ ಮೀರಿದ ಜಾಗಗಳೇ ಅಪರೂಪ. ಇಲ್ಲಿ ಕೆಲವೆಡೆ ಅದು ಒಂದು ಲಕ್ಷದವರೆಗೂ ಹೋಯಿತು. ಎಲ್ಲೆಲ್ಲಿ ಮಳೆಯೋ ಅಲ್ಲಲ್ಲಿ ಸೀಸಿಯಂ. ಇಂದಿಗೂ ಅದರ ನಕ್ಷೆ ನೋಡಿದರೆ ಅದು ಆ ಕೆಲವು ದಿನಗಳ ಮಳೆಯ ನಕ್ಷೆಯೇ.

ನಮ್ಮ ಕಟ್ಟಡದ ಮೇಲಿನ ಮನೆಯ ಅಜ್ಜಿಗೆ ಆಗ ಎರಡು ವರ್ಷದ ಮಗನಿದ್ದ. ಮಕ್ಕಳು ಆಡುವ ಮರಳನ್ನು ನಗರಸಭೆಯವರು ತೋಡಿ ಲಾರಿಗೆ ತುಂಬಿಸಿಕೊಂಡು ಹೋದದ್ದು, ಅಪಘಾತಕ್ಕೆ ಮುಂಚೆ ತಯಾರಾದ ಹಾಲಿನ ಪುಡಿಗಾಗಿ ಅಂಗಡಿ ಅಂಗಡಿ ಅಲೆದದ್ದು, ಹಿತ್ತಿಲ ಸೊಪ್ಪನ್ನು ಕಿತ್ತು ಎಸೆದದ್ದು ಎಲ್ಲ ಅವರ ಬಾಯಲ್ಲೇ ಕೇಳಬೇಕು. ಹಾಲಿನ ವಿಷಯದಲ್ಲಂತೂ ಕೇಂದ್ರದ ವಿಕಿರಣ ಆಯೋಗ ಲೀಟರಿಗೆ 500 ಬೆಕೆರೆಲ್ ಅಯೋಡಿನ್-131 ಇದ್ದರೂ ನಡೆಯುತ್ತದೆ ಎಂದಿತು. ನೆರೆಯ ಹೆಸ್ಸೆನ್ ರಾಜ್ಯ 20ಕ್ಕಿಂತ ಮೇಲಾದರೆ ಬೇಡವೆಂದಿತು. "ಅಂಕಿ ಹೇಳುವವರು ಹತ್ತು ಜನ ಇದ್ದರಪ್ಪಾ, ಮಗುವಿಗೆ ಯಾವ ಹಾಲು ಕುಡಿಸಲಿ ಅಂತ ಹೇಳೋರು ಒಬ್ಬರೂ ಇರಲಿಲ್ಲ" ಎನ್ನುತ್ತಾರೆ ಅಜ್ಜಿ. ಆ ವರ್ಷ ಸರ್ಕಾರದ ಮೇಲಿನ ನಂಬಿಕೆ ಕುಸಿದದ್ದು ವಿಕಿರಣಕ್ಕಿಂತ ಹೆಚ್ಚಾಗಿ ಈ ಗೊಂದಲದಿಂದ ಎಂದೇ ನನ್ನ ಎಣಿಕೆ.

ಮುಂದಿನದು ಬೇಗ ಬೇಗ ನಡೆಯಿತು. ಮೇ ಕೊನೆಗೆ ಯುರೋಪಿಯನ್ ಸಮುದಾಯ ಹಾಲು ಮತ್ತು ಶಿಶು ಆಹಾರಕ್ಕೆ ಕಿಲೋಗೆ 370, ಉಳಿದ ಆಹಾರಕ್ಕೆ 600 ಬೆಕೆರೆಲ್ ಸೀಸಿಯಂ ಎಂದು ಮಿತಿ ಹಾಕಿತು. ಜೂನ್ 6ರಂದು ಆಗಿನ ರಾಜಧಾನಿ ಬಾನ್‌ನಲ್ಲಿ ಪರಿಸರಕ್ಕೆಂದೇ ಪ್ರತ್ಯೇಕ ಸಚಿವಾಲಯ ಶುರುವಾಯಿತು. ವರ್ಷ ಮುಗಿಯುವುದರೊಳಗೆ ವಿಕಿರಣ ಮುನ್ನೆಚ್ಚರಿಕೆಯ ಕಾಯ್ದೆಯೂ ಬಂತು. ಇತ್ತ ಬವೇರಿಯಾದ ಡೈರಿಗಳಲ್ಲಿ ಉಳಿದ ಸುಮಾರು 5000 ಟನ್ ಹಾಲೊಡಕಿನ ಪುಡಿ ಸೀಸಿಯಂ ತುಂಬಿಕೊಂಡು, ಗೂಡ್ಸ್ ವ್ಯಾಗನ್ನುಗಳಲ್ಲಿ ಕೂತು, ಯಾರಿಗೂ ಬೇಡವಾಗಿ ವರ್ಷಗಟ್ಟಲೆ ಕಾಯಿತು. ಜನ ತಾವೇ ಉಪಕರಣ ತಂದರು, ಖಾಸಗಿ ಮಾಪನ ಕೇಂದ್ರಗಳು ನಾಯಿಕೊಡೆಗಳಂತೆ ಎದ್ದವು. ಅವುಗಳಲ್ಲಿ ಮ್ಯೂನಿಕ್‌ನ ಉಮ್‌ವೆಲ್ಟ್ ಇನ್‌ಸ್ಟಿಟ್ಯೂಟ್ ಇಂದಿಗೂ ಉಳಿದಿದೆ. ಅಣಬೆ ತಂದುಕೊಟ್ಟರೆ ಅಳೆದು ಹೇಳುತ್ತಾರೆ.

ಹಾಲು, ಸೊಪ್ಪು, ಗೋಧಿ ಕೆಲವೇ ವರ್ಷಗಳಲ್ಲಿ ತಿಳಿಯಾದವು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುವ ಪದಾರ್ಥ, ಆ ಬೇಸಿಗೆಯಲ್ಲೇ ಅದು ಇಲ್ಲವಾಯಿತು. ಸೀಸಿಯಂ ಅರ್ಧವಾಗಲು 30 ವರ್ಷ ಬೇಕಾದರೂ ಹೊಲದಲ್ಲಿ ಉಳುಮೆಯಿಂದ ಅದು ಮಣ್ಣಿನಾಳಕ್ಕೆ ಬೆರೆಯಿತು, ಜೇಡಿಯ ಕಣಗಳಿಗೆ ಅಂಟಿ ಬೇರಿಗೆ ಸಿಗದಾಯಿತು. ಕಾಡನ್ನು ಯಾರೂ ಉಳುವುದಿಲ್ಲ. ತರಗೆಲೆ ಕೊಳೆತ ಮೇಲ್ಪದರದಲ್ಲೇ ಸೀಸಿಯಂ ನಿಂತಿತು, ಆ ಪದರದ ತುಂಬ ಅಣಬೆಯ ಎಳೆಗಳು. ಸೀಸಿಯಂ ಪೊಟ್ಯಾಸಿಯಂನ ಹತ್ತಿರದ ನೆಂಟ. ಎಳೆಗಳು ಗೊಬ್ಬರವೆಂದೇ ಹೀರುತ್ತವೆ, ಸತ್ತಾಗ ಅಲ್ಲೇ ಬಿಡುತ್ತವೆ, ಮತ್ತೆ ಹೀರುತ್ತವೆ. ಮಾರೋನೆಯ ಟೋಪಿಯಲ್ಲಿರುವ ಬಣ್ಣದ ಪದಾರ್ಥವೇ ಸೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೆಡ್ಡಿನಲ್ಲಿ ಬೆಳೆಸುವ ಬಟನ್ ಅಣಬೆಗೆ ಈ ತಾಪತ್ರಯವೇ ಇಲ್ಲ.

600ರ ಮಿತಿಯಲ್ಲಿ ಒಂದು ವಿಚಿತ್ರವಿದೆ. ಅದು ಮಾರುವವರಿಗೆ ಮಾತ್ರ. ಸಂತೆಯಲ್ಲಿ 601 ಇದ್ದರೆ ಮಾಲು ವಾಪಸ್; ಅದೇ ಕಾಡಿನಿಂದ ನೀವೇ ಕಿತ್ತು ಮನೆಯಲ್ಲಿ ಹುರಿದರೆ 3000 ಇದ್ದರೂ ಕೇಳುವವರಿಲ್ಲ. ಅಡುಗೆಮನೆಗೆ ಇನ್‌ಸ್ಪೆಕ್ಟರ್ ಕಳಿಸುವುದಕ್ಕಿಂತ ಅಳೆದ ಅಂಕಿಯನ್ನು ಜಾತಿವಾರು, ಜಾಗವಾರು ಪ್ರಕಟಿಸುವುದೇ ಮೇಲು ಎಂಬ ಸರ್ಕಾರದ ನಿಲುವು ನನಗೂ ಸರಿಯೆನಿಸುತ್ತದೆ. ಕಿಲೋಗೆ 3000 ಬೆಕೆರೆಲ್‌ನ ಅಣಬೆಯನ್ನು 200 ಗ್ರಾಂ ತಿಂದರೆ ಮೈಗೆ ತಗಲುವುದು 0.008 ಮಿಲಿಸೀವರ್ಟ್, ಫ್ರಾಂಕ್‌ಫರ್ಟ್‌ನಿಂದ ಕನಾರಿ ದ್ವೀಪಕ್ಕೆ ವಿಮಾನದಲ್ಲಿ ಹೋದರೂ ಅಷ್ಟೇ. ವಾರವಾರ ತಿನ್ನುವವರು, ಬಸುರಿಯರು, ಮಕ್ಕಳು ಮಾರೋನೆ ಬಿಟ್ಟು ಬೇರೇನಾದರೂ ತಿನ್ನಲಿ, ಸಾಕು. ಬೇಯಿಸಿ ನೀರು ಬಸಿದರೂ ಒಂದಿಷ್ಟು ಸೀಸಿಯಂ ಹೋಗುತ್ತದೆ, ಜೊತೆಗೆ ರುಚಿಯೂ. ಇನ್ನೊಂದು ಮಾತು: ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಆದ್ದರಿಂದ ಒಣಗಿಸಿ ತಂದು ಅಳೆಸಿದರೆ ಅಂಕಿ ಹತ್ತು ಪಟ್ಟು ಕಾಣುತ್ತದೆ. ಗಾಬರಿಯಿಂದ ಫೋನ್ ಮಾಡುವವರನ್ನು ಮೊದಲು ಕೇಳುವುದೇ, ಹಸಿಯದೋ ಒಣಗಿದ್ದೋ ಎಂದು.

ಆದರೆ ನಿಜಕ್ಕೂ ಕೊಲ್ಲುವುದು ನನ್ನ ಹಳೆಯ ಪ್ರಶ್ನೆಯ ವಿಷದ ಅಣಬೆಯೇ. 2015ರ ಶರತ್ಕಾಲದಲ್ಲಿ ಸಿರಿಯಾದಿಂದ ಹೊಸದಾಗಿ ಬಂದ ನಿರಾಶ್ರಿತರು ತಮ್ಮೂರಿನ ಅಣಬೆಯಂತೆಯೇ ಕಂಡದ್ದನ್ನು ಕಿತ್ತು ತಿಂದು ಆಸ್ಪತ್ರೆ ಸೇರಿದರು. ಅದು ಹಸಿರು ಛಾಯೆಯ ಮರಣಟೋಪಿ. ಅರಬ್ಬಿಯಲ್ಲೂ ಎಚ್ಚರಿಕೆಯ ಪೋಸ್ಟರ್ ಅಚ್ಚಾಯಿತು. ನಮ್ಮ ಯಂತ್ರಕ್ಕೆ ಆ ವಿಷ ಕಾಣುವುದೇ ಇಲ್ಲ.

ಇನ್ನು ಕಾಡುಹಂದಿ. ಜಿಂಕೆಯ ಸೀಸಿಯಂ ಇಳಿದಂತೆ ಇದರದ್ದು ಇಳಿಯದೆ ವಿಜ್ಞಾನಿಗಳ ತಲೆ ತಿಂದಿತ್ತು. ಚಳಿಗಾಲದಲ್ಲಿ ಹಂದಿ ನೆಲ ಬಗೆದು, 20ರಿಂದ 40 ಸೆಂ.ಮೀ. ಆಳದ ಒಂದು ಜಾತಿಯ ನೆಲದಡಿಯ ಅಣಬೆ ತಿನ್ನುತ್ತದೆ. ವಿಯೆನ್ನಾ ಮತ್ತು ಹ್ಯಾನೋವರ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬವೇರಿಯಾದ 48 ಹಂದಿ ಮಾಂಸದ ಮಾದರಿಗಳಲ್ಲಿ ಶೇ. 88 ಮಿತಿ ಮೀರಿದ್ದವು. ಸೋಜಿಗವೆಂದರೆ ಅವುಗಳಲ್ಲಿದ್ದ ಸೀಸಿಯಂನಲ್ಲಿ ಶೇ. 10ರಿಂದ 68ರವರೆಗೆ ಚೆರ್ನೋಬಿಲ್‌ನದಲ್ಲ, ಶೀತಲ ಸಮರದ ಕಾಲದ ಬಾಂಬ್ ಪರೀಕ್ಷೆಗಳದ್ದು. ಸೀಸಿಯಂ ಕಾಡಿನ ಮಣ್ಣಿನಲ್ಲಿ ತೀರಾ ನಿಧಾನವಾಗಿ ಇಳಿಯುತ್ತದೆಯಂತೆ. ಬಾಂಬಿನದು ಮೊದಲೇ ಹೊರಟದ್ದರಿಂದ ಮೊದಲು ತಲುಪಿದೆ, 1986ರದ್ದು ಈಗೀಗ ಆ ಆಳಕ್ಕೆ ಸೇರುತ್ತಿದೆ. ಮಿತಿ ಮೀರಿದ ಹಂದಿಯನ್ನು ಮಾರುವಂತಿಲ್ಲ, ಅದಕ್ಕೆ ಕೇಂದ್ರ ಸರ್ಕಾರ ಬೇಟೆಗಾರರಿಗೆ ಪರಿಹಾರ ಕೊಡುತ್ತಲೇ ಬಂದಿದೆ. ಅವರ ಮಾಪನ ಕೇಂದ್ರಗಳನ್ನು ಮುಚ್ಚುವ ಮಾತನ್ನು ನಾನಿನ್ನೂ ಕೇಳಿಲ್ಲ.